ಒಂಬತ್ತನೆಯ ಸ್ಥಾನ ದುರದೃಷ್ಟವಲ್ಲ

ಪಶ್ಚಿಮ ಮೆಲ್ಬರ್ನಿನಲ್ಲಿರುವ ಬುಲ್‌ಡಾಗ್ಸ್ ಅಭಿಮಾನಿಗಳಿಗೆ ಬಹಿರಂಗ ಪತ್ರ

ಪ್ರೀತಿಯ ಅಣ್ಣಂದಿರೇ, ಅಕ್ಕಂದಿರೇ,

ಈ ಸಲದ ಸಂಕ್ರಾಂತಿಗೆ ಟಾರ್ನೀಟಿನ ಮನೆಯೊಂದರ ಹಿತ್ತಲಲ್ಲಿ ಸೇರಿದ್ದಾಗ ನಮ್ಮೊಳಗೆ ನಡೆದ ವಾದ ನಿಮಗೆ ನೆನಪಿರಬೇಕು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕಾದ ದಿನ. ಸಕ್ಕರೆ ಅಚ್ಚು ಕೈಯಲ್ಲಿ ಅಂಟುವ ತನಕ ನಾವು ನಮ್ಮ ಫೂಟಿ ತಂಡ ವೆಸ್ಟರ್ನ್ ಬುಲ್‌ಡಾಗ್ಸ್‌ನ ಕೋಚನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಎಂದು ಕೂಗಾಡಿದೆವು. ಒಬ್ಬರು, "ಹೋದ ವರ್ಷ ನಮ್ಮ ಗ್ರಹಚಾರ ಸರಿ ಇರಲಿಲ್ಲ, ಹದಿನಾಲ್ಕು ಗೆದ್ದವರು ಹೊರಗೆ ಉಳಿಯೋದು ಅಂದ್ರೇನು?" ಅಂದರು. ಇನ್ನೊಬ್ಬರು, "ಈ ವರ್ಷದಿಂದ ಹತ್ತನೇ ಸ್ಥಾನದವರಿಗೂ ಬಾಗಿಲು ತೆರೆದಿದೆಯಲ್ಲ, ಯಾಕೆ ಚಿಂತೆ?" ಅಂದರು. ನಮ್ಮ ಆಟಗಾರ ಬೇಯ್ಲಿ ಸ್ಮಿತ್ ತಂಡ ಬಿಟ್ಟು ಹೋದ ದಿನವೇ ಎಲ್ಲ ಮುಗಿಯಿತು ಎಂದವರೂ ಇದ್ದರು. ನಾನು ಅಂದು ಬಾಯಿ ಬಿಡಲಿಲ್ಲ. ಅಷ್ಟು ಗದ್ದಲದಲ್ಲಿ ಹೇಳಲಾಗದ್ದನ್ನು, ಹೊಸ ಸೀಸನ್ ಶುರುವಾಗುವ ಮುಂಚೆ ನಿಮ್ಮ ಮುಂದೆ ಇಡಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ನಮ್ಮ ನಡುವೆ ಹೊಸದಾಗಿ ಬಂದವರು, ಫೂಟಿ, ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್, ಇನ್ನೂ ಅರ್ಥವಾಗದವರು ಇದ್ದಾರೆ. ಅವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಒಂದು ತಂಡದಿಂದ ಹದಿನೆಂಟು ಜನ, ಕ್ರಿಕೆಟ್ ಮೈದಾನದಷ್ಟೇ ದೊಡ್ಡ ಬಯಲು, ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡು ಒದ್ದರೆ ಗೋಲು, 6 ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್, 1 ಅಂಕ. ಲೀಗಿನಲ್ಲಿ 18 ತಂಡ, ತಂಡಕ್ಕೆ 23 ಪಂದ್ಯ, ಗೆಲುವಿಗೆ 4 ಪಾಯಿಂಟ್. ಪಾಯಿಂಟ್ ಸಮ ಆದರೆ ಪರ್ಸೆಂಟೇಜ್ ನೋಡುತ್ತಾರೆ. ನಾವು ಹೊಡೆದ ಅಂಕಗಳನ್ನು ಬಿಟ್ಟುಕೊಟ್ಟ ಅಂಕಗಳಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದೇ ಅದು. ಐಪಿಎಲ್‌ನಲ್ಲಿ ನೆಟ್ ರನ್ ರೇಟ್ ಮಾಡುವ ಕೆಲಸವನ್ನು ಇಲ್ಲಿ ಅದು ಮಾಡುತ್ತದೆ. ಹೋದ ವರ್ಷದವರೆಗೆ ಮೊದಲ ಎಂಟು ತಂಡಗಳು ಫೈನಲ್ಸ್‌ಗೆ, ಅಂದರೆ ಲೀಗ್ ಮುಗಿದ ಮೇಲೆ ಕಪ್ಪಿಗಾಗಿ ನಡೆಯುವ ಪಂದ್ಯಗಳಿಗೆ, ಹೋಗುತ್ತಿದ್ದವು.

2025ರಲ್ಲಿ ನಾವು 14 ಗೆದ್ದೆವು. ಪರ್ಸೆಂಟೇಜ್ 130 ದಾಟಿತ್ತು. ಎಂಟನೆಯ ಸ್ಥಾನದ ಹಾಥಾರ್ನ್ 15 ಗೆದ್ದಿತ್ತು. ಒಂದೇ ಒಂದು ಗೆಲುವಿನ ಅಂತರ. ಆಗಸ್ಟಿನಲ್ಲಿ ಕೊನೆಯ ಲೀಗ್ ಪಂದ್ಯ ಡಾಕ್‌ಲ್ಯಾಂಡ್ಸ್ ಮೈದಾನದಲ್ಲಿ ಫ್ರೀಮ್ಯಾಂಟಲ್ ಎದುರು. ಅದನ್ನು ಗೆದ್ದಿದ್ದರೆ ಒಳಗೆ ಇರುತ್ತಿದ್ದೆವು. ಸೋತೆವು.

ಸೈರನ್ ಕೂಗಿದ ಮೇಲೆ ನನ್ನ ಮಗ ಕುತ್ತಿಗೆಯ ಸ್ಕಾರ್ಫ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ನಿಧಾನವಾಗಿ ಮಡಿಸತೊಡಗಿದ. ಕೆಂಪು, ಬಿಳಿ, ನೀಲಿ ಪಟ್ಟಿಗಳು ಒಂದರ ಮೇಲೊಂದು ಸರಿಯಾಗಿ ಕೂರಬೇಕು, ಹಾಗೆ. ಅವನಿಗೆ ಹನ್ನೊಂದು ವರ್ಷ. ಮನೆಯಲ್ಲಿ ಬಟ್ಟೆ ಮಡಿಸು ಅಂದರೆ ಕೇಳುವವನಲ್ಲ. ಮಡಿಸಿ ಮುಗಿಸಿ, "ಅಪ್ಪಾ, ನಾವು ಹದಿನಾಲ್ಕು ಗೆದ್ದಿದ್ದೀವಲ್ಲ, ಸಾಕಾಗಲ್ವಾ?" ಅಂದ. ನಾನು, "ಲಕ್ ಇರ್ಲಿಲ್ಲ ಕಣೋ ಪುಟ್ಟ" ಅಂದೆ. ಆ ಹೊತ್ತಿಗೆ ಅವನ ಮುಖ ನೋಡಿ ಬಾಯಿಗೆ ಬಂದ ಮಾತು ಅದು.

ಮರುದಿನ ಬೆಳಿಗ್ಗೆ ಕಸದ ಡಬ್ಬಿಯನ್ನು ರಸ್ತೆಗೆ ತಳ್ಳುವಾಗ ಪಕ್ಕದ ಮನೆಯ ಅಜ್ಜ ಸಿಕ್ಕರು. ಎಂಬತ್ತು ದಾಟಿದವರು, ನ್ಯೂಪೋರ್ಟ್ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. 1954ರಲ್ಲಿ ನಮ್ಮ ತಂಡ, ಆಗಿನ ಹೆಸರು ಫುಟ್ಸ್‌ಕ್ರೇ, ಮೊದಲ ಸಲ ಕಪ್ ಗೆದ್ದಾಗ ಅಪ್ಪನ ಕೈ ಹಿಡಿದುಕೊಂಡು ಹೋಗಿ ನೋಡಿದವರು. ಅವರಿಗೂ ನಾನು ಅದೇ ಲಕ್ಕಿನ ಮಾತು ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ಒಳ್ಳೆಯ ತಂಡಗಳಲ್ಲಿ ಎಷ್ಟನ್ನು ಸೋಲಿಸಿದೆವು, ಎಣಿಸು ಅಂದರು. ಅಷ್ಟೇ ಹೇಳಿ ಒಳಗೆ ಹೋದರು.

ಎಣಿಸಿದೆ. ನೀವೂ ಎಣಿಸಿ. ನಾವು ಸೋತ ಒಂಬತ್ತರಲ್ಲಿ ಬಹುಪಾಲು ಸೋಲು ಎಂಟರೊಳಗೆ ಮುಗಿಸಿದ ತಂಡಗಳ ಎದುರೇ. ಗೆದ್ದ ಹದಿನಾಲ್ಕರಲ್ಲಿ ಬಹುಪಾಲು ಗೆಲುವು ಪಟ್ಟಿಯ ಕೆಳಗಿನವರ ಮೇಲೆ, ಅದೂ ದೊಡ್ಡ ದೊಡ್ಡ ಅಂತರದಲ್ಲಿ. ನಮ್ಮ ಪರ್ಸೆಂಟೇಜ್ ಅಷ್ಟು ಉಬ್ಬಿದ್ದು ಹೀಗೆ. ಬಲಹೀನರ ಮೇಲೆ ಹದಿನೈದು ಗೋಲು ಹೆಚ್ಚಿಗೆ ಹೊಡೆದರೂ ಸಿಗುವುದು ಅದೇ 4 ಪಾಯಿಂಟ್. ಆರನೆಯ ಸ್ಥಾನದವರ ಎದುರು ಒಂದು ಅಂಕದಲ್ಲಿ ಗೆದ್ದರೂ ಅದೇ 4 ಪಾಯಿಂಟ್, ಜೊತೆಗೆ ಅವರಿಗೆ ಸೋಲು. ಈ ಎರಡನೆಯ ಲೆಕ್ಕವನ್ನು ನಾವು ಮಾಡಲೇ ಇಲ್ಲ. ಒಂಬತ್ತನೆಯ ಸ್ಥಾನ ನಮ್ಮ ಆಟಕ್ಕೆ ತಕ್ಕ ಸ್ಥಾನವಾಗಿತ್ತು.

ಗಾಯಗಳ ಮಾತು ನೀವು ಎತ್ತುತ್ತೀರಿ, ಒಪ್ಪುತ್ತೇನೆ. ಕ್ಯಾಪ್ಟನ್ ಬೊಂಟೆಂಪೆಲ್ಲಿ ಮೀನಖಂಡದ ನೋವಿನಿಂದ ಸೀಸನ್ನಿನ ಆರಂಭದ ವಾರಗಳಲ್ಲಿ ಇರಲಿಲ್ಲ. ಸ್ಯಾಮ್ ಡಾರ್ಸಿ ಮೊಣಕಾಲು ಪೆಟ್ಟಿನಿಂದ ಹಲವು ವಾರ ಹೊರಗಿದ್ದ. ಆದರೆ ಗಾಯ ಆಗದ ತಂಡ ಇಲ್ಲ. ಅಲ್ಲದೆ ನಮಗೆ ಕೊರತೆಯಾದದ್ದು ಗೋಲುಗಳದ್ದಲ್ಲ. ಏರನ್ ನಾಟನ್ ಮತ್ತು 208 ಸೆಂಟಿಮೀಟರ್ ಎತ್ತರದ ಡಾರ್ಸಿ ಮುಂದೆ ನಿಂತರೆ ಎದುರಾಳಿಗೆ ನಿದ್ದೆ ಬಾರದು. ಮಧ್ಯದಲ್ಲಿ ಬೊಂಟೆಂಪೆಲ್ಲಿ, ಟಾಮ್ ಲಿಬರಟೋರೆ, ಎಡ್ ರಿಚರ್ಡ್ಸ್. ಗೋಲು ಹೊಡೆಯುವುದರಲ್ಲಿ ನಾವು ಯಾರಿಗೂ ಕಡಿಮೆ ಇರಲಿಲ್ಲ. ನಮಗೆ ತಿಳಿಯದ್ದು ಎದುರಾಳಿ ಒಂದು ಗೋಲು ಹೊಡೆದ ಮೇಲೆ ಎರಡನೆಯದನ್ನು, ಮೂರನೆಯದನ್ನು ತಡೆಯುವುದು.

ಇದು ಹೋದ ವರ್ಷದ್ದೊಂದೇ ಕಾಯಿಲೆಯಲ್ಲ. 2021ರ ಗ್ರ್ಯಾಂಡ್ ಫೈನಲ್, ಕಪ್ ಯಾರದೆಂದು ತೀರ್ಮಾನಿಸುವ ಆ ಕೊನೆಯ ಪಂದ್ಯ, ನೆನಪಿಸಿಕೊಳ್ಳಿ. ಕೋವಿಡ್ ಕಾರಣಕ್ಕೆ ಪರ್ತಿನಲ್ಲಿ ನಡೆದ ಪಂದ್ಯ. ಮೂರನೆಯ ಕ್ವಾರ್ಟರಿನಲ್ಲಿ ನಾವು 19 ಅಂಕ ಮುಂದಿದ್ದೆವು. ನಮ್ಮ ಮನೆಯಲ್ಲಿ ಮಕ್ಕಳು ಸೋಫಾ ಮೇಲೆ ಹತ್ತಿ ಕುಣಿಯುತ್ತಿದ್ದರು. ಆಮೇಲೆ ಮೆಲ್ಬರ್ನ್ ತಂಡ ಒಂದಾದ ಮೇಲೊಂದು ಗೋಲು ಹೊಡೆಯತೊಡಗಿತು, ನಮ್ಮವರು ನಿಂತು ನೋಡಿದಂತಾಯಿತು, ಕೊನೆಗೆ 74 ಅಂಕಗಳಿಂದ ಸೋತೆವು. ಮರುವರ್ಷ ಅದೇ ಊರಿನಲ್ಲಿ ಫ್ರೀಮ್ಯಾಂಟಲ್ ಎದುರು ಎಲಿಮಿನೇಷನ್ ಫೈನಲ್, ಸೋತವರು ಮನೆಗೆ. 41 ಅಂಕ ಮುಂದಿದ್ದು 13 ಅಂಕಗಳಿಂದ ಸೋತೆವು. 2016ರ ಕಪ್ ಆದ ಮೇಲೆ ನಾವು ಗೆದ್ದ ಫೈನಲ್ಸ್ ಪಂದ್ಯಗಳೆಲ್ಲ 2021ರ ಒಂದೇ ವರ್ಷದವು. 2019, 2020, 2022, 2024, ಈ ನಾಲ್ಕೂ ಸಲ ಮೊದಲ ಪಂದ್ಯದಲ್ಲೇ ಮನೆಗೆ ಬಂದಿದ್ದೇವೆ. ಇಷ್ಟು ವರ್ಷಗಳ ಫಲವನ್ನು ಗ್ರಹಚಾರದ ತಲೆಗೆ ಕಟ್ಟಲು ನನಗೆ ಮನಸ್ಸು ಬರುತ್ತಿಲ್ಲ.

2016ರ ಅಕ್ಟೋಬರ್ 1ರ ಮಾತು ಹೇಳದೆ ಇದು ಪೂರ್ತಿಯಾಗುವುದಿಲ್ಲ. ನಾನು ಈ ದೇಶಕ್ಕೆ ಬಂದು ಒಂದು ವರ್ಷವಾಗಿತ್ತು. ಆಟದ ನಿಯಮ ಅರ್ಧಂಬರ್ಧ ಗೊತ್ತು. ಪಕ್ಕದ ಮನೆಯ ಅಜ್ಜ ಕರೆದರು, ಅವರ ನಡುಮನೆಯಲ್ಲಿ ಕೂತು ನೋಡಿದೆ. ಏಳನೆಯ ಸ್ಥಾನದಿಂದ ಹೊರಟು ಪರ್ತಿನಲ್ಲಿ ವೆಸ್ಟ್ ಕೋಸ್ಟನ್ನು, ನಂತರ ಹಾಥಾರ್ನನ್ನು, ನಂತರ ಸಿಡ್ನಿಗೆ ಹೋಗಿ ಗ್ರೇಟರ್ ವೆಸ್ಟರ್ನ್ ಸಿಡ್ನಿ ತಂಡವನ್ನು 6 ಅಂಕಗಳಿಂದ ಸೋಲಿಸಿ ಬಂದ ತಂಡ. ಏಳನೆಯ ಸ್ಥಾನದಿಂದ ಯಾರೂ ಅಲ್ಲಿಯವರೆಗೆ ಕಪ್ ಗೆದ್ದಿರಲಿಲ್ಲ. ಎದುರಿಗೆ ಸಿಡ್ನಿ ಸ್ವಾನ್ಸ್. ಕೊನೆಯ ಕ್ವಾರ್ಟರಿನಲ್ಲಿ ನಾವು ಸ್ವಲ್ಪವೇ ಮುಂದೆ. ಆಗ ಟಾಮ್ ಬಾಯ್ಡ್ ದೂರದಿಂದ ಒದ್ದ ಚೆಂಡು ನೆಲಕ್ಕೆ ಬಿದ್ದು, ಪುಟಿದು, ಕಂಬಗಳ ನಡುವೆ ಉರುಳಿಕೊಂಡು ಹೋಯಿತು. ನಾನು ಎದ್ದು ಕಿರುಚಿದೆ. ಅಜ್ಜ ಮಾತ್ರ ಟಿವಿಯ ಕಡೆ ಬೆರಳು ತೋರಿಸಿ, "ಮಾರಿಸ್, ಮಾರಿಸ್" ಅನ್ನುತ್ತಿದ್ದರು. ನನಗೆ ಅರ್ಥವಾಗಲಿಲ್ಲ. ರಿಪ್ಲೇ ಬಂದಾಗ ನೋಡಿದೆ. ಚೆಂಡು ಮೊದಲು ಸಿಡ್ನಿಯ ಲ್ಯಾನ್ಸ್ ಫ್ರ್ಯಾಂಕ್ಲಿನ್ ಕೈಯಲ್ಲಿತ್ತು. ಆ ಕಾಲದ ಅತಿ ದೊಡ್ಡ ಗೋಲುಗಾರ. ಅವನ ಮೇಲೆ ಹಿಂದಿನಿಂದ ಬಿದ್ದು, ಎರಡೂ ತೋಳಲ್ಲಿ ಬಾಚಿ ಕೆಡವಿದ್ದು ನಮ್ಮ ಡಿಫೆಂಡರ್ ಡೇಲ್ ಮಾರಿಸ್. ಚೆಂಡು ಜಾರಿ ಬಾಯ್ಡ್ ಕೈಗೆ ಬಂದದ್ದು ಆಮೇಲೆ. ಬೆನ್ನುಮೂಳೆ ಮುರಿದುಕೊಂಡೇ ಮಾರಿಸ್ ಆ ಫೈನಲ್ಸ್ ಆಡಿದ್ದರು ಎಂಬುದು ಸ್ವಲ್ಪ ದಿನದ ನಂತರ ತಿಳಿಯಿತು.

ನಮ್ಮ ಮಕ್ಕಳ ಕೋಣೆಯ ಗೋಡೆಗಳಲ್ಲಿ ಬಾಯ್ಡ್ ಗೋಲಿನ ಚಿತ್ರ ಇದೆ. ಮಾರಿಸ್ ಹಿಡಿತದ ಚಿತ್ರ ಯಾರ ಮನೆಯಲ್ಲೂ ನಾನು ನೋಡಿಲ್ಲ.

ಅವತ್ತು ನಾವು 22 ಅಂಕಗಳಿಂದ ಗೆದ್ದೆವು, 62 ವರ್ಷಗಳ ನಂತರ. ಆರ್‌ಸಿಬಿಗಾಗಿ 18 ವರ್ಷ "ಈ ಸಲ ಕಪ್ ನಮ್ದೇ" ಅಂದವರು ನಾವು, ಕಾಯುವುದು ಏನು ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಆದರೂ ಒಂಬತ್ತು ವರ್ಷದ ಹುಡುಗನಾಗಿ ಒಂದು ಕಪ್ ನೋಡಿ, ಎರಡನೆಯದಕ್ಕೆ ಎಪ್ಪತ್ತೊಂದು ದಾಟುವ ತನಕ ಕಾದ ಮನುಷ್ಯ ಅಂದು ಸದ್ದಿಲ್ಲದೆ ಅತ್ತದ್ದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಕೋಚ್ ಲೂಕ್ ಬೆವರಿಜ್ ವೇದಿಕೆಯ ಮೇಲೆ ತಮ್ಮ ಪದಕವನ್ನು ತೆಗೆದು, ಮೊಣಕಾಲು ಗಾಯದಿಂದ ಆಡಲಾಗದ ಕ್ಯಾಪ್ಟನ್ ಬಾಬ್ ಮರ್ಫಿ ಕೊರಳಿಗೆ ಹಾಕಿದಾಗ ನಾನೂ ಅತ್ತೆ. ಈ ತಂಡ ನನ್ನದಾದದ್ದು ಆ ಕ್ಷಣದಲ್ಲಿ.

ಹಾಗಾಗಿ ಬೆವರಿಜ್ ವಿಚಾರ ಬಂದಾಗ ನಾನು ಪೂರ್ತಿ ನಿಷ್ಪಕ್ಷಪಾತಿ ಎಂದು ಹೇಳಲಾರೆ. ಆದರೂ ನನ್ನ ಅಭಿಪ್ರಾಯ ಇಷ್ಟು. ಅವರು 2015ರಿಂದ ಕೋಚ್. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬರೇ ಇದ್ದಾಗ ಹೊಸ ಕಣ್ಣು ಬೇಕು ಅನ್ನುವುದು ತಪ್ಪು ಮಾತಲ್ಲ. ಆದರೆ ಕ್ಲಬ್ಬು ಅವರ ಒಪ್ಪಂದ ಮುಂದುವರಿಸಿಯಾಗಿದೆ. ಇರುತ್ತಾರೋ ಇಲ್ಲವೋ ಎಂದು ವಾರ ವಾರವೂ ನಾವು ಹೊಡೆದಾಡಿಕೊಂಡರೆ, ಅವರನ್ನು ಕೇಳಬೇಕಾದ ಪ್ರಶ್ನೆ ಕೇಳುವವರೇ ಇರುವುದಿಲ್ಲ. ಆ ಪ್ರಶ್ನೆ ಇದು: ಹಿಂದೆ ಯಾರು ನಿಲ್ಲುತ್ತಾರೆ? ಮುಂದೆ ಗೋಲು ಹೊಡೆಯಲೆಂದು ಕರೆತಂದ ರೋರಿ ಲಾಬ್‌ನನ್ನು 2024ರಲ್ಲಿ ಹಿಂದಕ್ಕೆ ಕಳಿಸಿ ಕಾವಲಿಗೆ ನಿಲ್ಲಿಸಬೇಕಾಯಿತು. ಅವನು ಅದನ್ನು ಚೆನ್ನಾಗಿಯೇ ಮಾಡಿದ, ಅವನ ಮೇಲೆ ನನಗೆ ಗೌರವ ಇದೆ. ಆದರೆ ಮುಂದಿನವನನ್ನು ಹಿಂದಕ್ಕೆ ತರಬೇಕಾದ ಪರಿಸ್ಥಿತಿ ಬಂದದ್ದೇ ನಮ್ಮ ಹಿಂಬದಿ ಎಷ್ಟು ತೆಳ್ಳಗಿದೆ ಎಂದು ತೋರಿಸುತ್ತದೆ. ಇನ್ನು, ಡಿಫೆನ್ಸ್ ಅಂದರೆ ಹಿಂದಿನ ಆರು ಜನರ ಕೆಲಸ ಮಾತ್ರ ಅಲ್ಲ. ಚೆಂಡು ಕಳೆದುಕೊಂಡ ಕ್ಷಣ ಮಧ್ಯದವರು ಹಿಂದಕ್ಕೆ ಓಡದಿದ್ದರೆ, ಹಿಂದಿದ್ದವರು ಒಬ್ಬರಿಗೆ ಇಬ್ಬರಂತೆ ಸಿಕ್ಕಿಬೀಳುತ್ತಾರೆ. 2025ರಲ್ಲಿ ನಾನು ಮೈದಾನದಲ್ಲಿ ಮತ್ತೆ ಮತ್ತೆ ನೋಡಿದ್ದು ಇದನ್ನೇ. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುವುದರಿಂದ ಇದು ಕಾಣುವುದಿಲ್ಲ.

ಬೇಯ್ಲಿ ಸ್ಮಿತ್ ವಿಷಯದಲ್ಲಿ ಉದ್ದ ಮಾತು ಬೇಡ. 2024ರ ಕೊನೆಗೆ ಅವನು ಜಿಲಾಂಗಿಗೆ, ಜಾಕ್ ಮಕ್ರೇ ಸೇಂಟ್ ಕಿಲ್ಡಾಗೆ, ಕ್ಯಾಲೆಬ್ ಡೇನಿಯಲ್ ನಾರ್ತ್ ಮೆಲ್ಬರ್ನಿಗೆ ಹೋದರು. ನೋವಾಯಿತು. ಸ್ಮಿತ್ ಅಲ್ಲಿ ಗ್ರ್ಯಾಂಡ್ ಫೈನಲ್ ಕೂಡ ಆಡಿದ. ಹೋದವರನ್ನು ಹರಸಿ ಬಿಟ್ಟುಬಿಡೋಣ.

ನನಗೆ ಹೆಚ್ಚು ಆತಂಕ ಇರುವುದು ವೈಲ್ಡ್‌ಕಾರ್ಡ್ ಬಗ್ಗೆ. 2026ರಿಂದ ಮೊದಲ ಆರು ತಂಡಗಳು ನೇರ ಫೈನಲ್ಸ್‌ಗೆ. ಏಳನೆಯವರು ಹತ್ತನೆಯವರ ಎದುರು, ಎಂಟನೆಯವರು ಒಂಬತ್ತನೆಯವರ ಎದುರು ಆಡಿ, ಗೆದ್ದವರು ಒಳಗೆ. ಹೋದ ವರ್ಷ ಈ ನಿಯಮ ಇದ್ದಿದ್ದರೆ ನಾವು ಹಾಥಾರ್ನ್ ಎದುರು ಆಡುತ್ತಿದ್ದೆವು, ಮಗ ಸ್ಕಾರ್ಫ್ ಮಡಿಸುವ ದಿನ ಒಂದೆರಡು ವಾರ ಮುಂದಕ್ಕೆ ಹೋಗುತ್ತಿತ್ತು. ಹಿತ್ತಲಲ್ಲಿ "ಹತ್ತರೊಳಗೆ ಬಂದರೆ ಸಾಕು" ಅಂದವರ ಸಮಾಧಾನ ಇದೇ. ದಯವಿಟ್ಟು ಆ ಮಾತು ಬಿಡಿ. ಆರರೊಳಗಿನವರು ಆ ವಾರ ವಿಶ್ರಾಂತಿ ತೆಗೆದುಕೊಳ್ಳುತ್ತಾರೆ. ವೈಲ್ಡ್‌ಕಾರ್ಡ್ ಗೆದ್ದವರು ದಣಿದ ಕಾಲಲ್ಲಿ ಅವರ ಎದುರು ನಿಲ್ಲಬೇಕು. 2016ರಲ್ಲಿ ನಾವು ಏಳನೆಯವರಾಗಿ ಗೆದ್ದೆವಲ್ಲ ಎಂದು ನೀವು ಕೇಳಬಹುದು. ಫೈನಲ್ಸ್‌ಗೆ ಮುಂಚೆ ಎಲ್ಲರಿಗೂ ಒಂದು ವಾರ ಬಿಡುವು ಕೊಡುವ ಪದ್ಧತಿ ಶುರುವಾದದ್ದು ಅದೇ ವರ್ಷ. ಗಾಯಗೊಂಡಿದ್ದ ನಮ್ಮ ಹುಡುಗರು ಆ ಬಿಡುವಿನಲ್ಲೇ ಸುಧಾರಿಸಿಕೊಂಡು ಬಂದರು. ಇನ್ನು ಮೇಲೆ ಏಳನೆಯವರಿಗೆ ಆ ವಾರ ಇಲ್ಲ.

ಆದ್ದರಿಂದ ನಾನು ಈ ಸೀಸನ್ನಿಗೆ ಇಟ್ಟುಕೊಂಡ ಗೆರೆ ಆರನೆಯ ಸ್ಥಾನ. ನಮ್ಮ ಬಳಿ ಇರುವ ಆಟಗಾರರಿಗೆ ಅದು ದೊಡ್ಡ ಆಸೆಯಲ್ಲ. ಬೊಂಟೆಂಪೆಲ್ಲಿಗೆ ಮೂವತ್ತು ದಾಟಿದೆ, ಈ ಪೀಳಿಗೆಗೆ ಇರುವ ವರ್ಷಗಳು ಲೆಕ್ಕದವು. ನನಗೆ ಅನ್ನಿಸುವಂತೆ ಐದು ಅಥವಾ ಆರಕ್ಕೆ ಬರುತ್ತೇವೆ, ಹಿಂಬದಿ ಗಟ್ಟಿಯಾದರೆ. ಆಗದಿದ್ದರೆ ಮತ್ತೆ ಎಂಟು-ಒಂಬತ್ತರ ಸುತ್ತಲೇ ಸುತ್ತುತ್ತೇವೆ. ನನ್ನ ಮಾತು ಸುಳ್ಳಾಗಿ ನಾವು ಮೊದಲ ನಾಲ್ಕರಲ್ಲಿ ಬಂದರೆ ಮೊದಲು ಕುಣಿಯುವವನು ನಾನೇ.

ಇನ್ನೊಂದು ಮಾತು, ಇದು ನೋವಿನಿಂದ ಹೇಳುತ್ತಿದ್ದೇನೆ. ಆ ಆಗಸ್ಟ್ ಪಂದ್ಯದಲ್ಲಿ ನಮ್ಮ ಹಿಂದಿನ ಸಾಲಿನಲ್ಲಿ ನಮ್ಮದೇ ಸ್ಕಾರ್ಫ್ ಹಾಕಿಕೊಂಡವರೊಬ್ಬರು, ತಪ್ಪು ಮಾಡಿದ ನಮ್ಮ ಎಳೆಯ ಆಟಗಾರನಿಗೆ ಎರಡು ಕ್ವಾರ್ಟರ್ ಪೂರ್ತಿ ಬಾಯಿಗೆ ಬಂದಂತೆ ಬೈದರು. ಮಗ ಕಿವಿ ಮುಚ್ಚಿಕೊಂಡ. ಒಂದೇ ವರ್ಷದಲ್ಲಿ ನಾವು ಕೋಚನ್ನು, ಕ್ಯಾಪ್ಟನ್ನನ್ನು, ಇಪ್ಪತ್ತು ವರ್ಷದ ಹುಡುಗರನ್ನು ಹೀಗೆ ಹರಿದುಹಾಕಿದರೆ, ಟೀಕೆಯ ಬೆಲೆಯೇ ಹೋಗುತ್ತದೆ. ಡಿಫೆನ್ಸ್ ಸರಿಯಿಲ್ಲ ಎಂದು ನಾನು ಇಷ್ಟು ಪುಟ ಬರೆದಿದ್ದೇನೆ. ಅದನ್ನು ಬೇಲಿಯ ಪಕ್ಕ ನಿಂತು ಹತ್ತೊಂಬತ್ತರ ಹುಡುಗನ ಮುಖಕ್ಕೆ ಕೂಗುವುದಿಲ್ಲ.

ಈ ಕ್ಲಬ್ಬು ನಮ್ಮಂಥವರದ್ದು ಎಂದು ನಾನು ಹೇಳುವುದಕ್ಕೆ ಕಾರಣ ಇದೆ. 1989ರ ಅಕ್ಟೋಬರಿನಲ್ಲಿ ಲೀಗಿನವರು, ಸಾಲದಲ್ಲಿದ್ದ ಫುಟ್ಸ್‌ಕ್ರೇಯನ್ನು ಫಿಟ್ಜ್‌ರಾಯ್ ಜೊತೆ ಸೇರಿಸಿ ಮುಗಿಸಿಬಿಡುತ್ತೇವೆ ಎಂದು ಘೋಷಿಸಿದರು. ಪೀಟರ್ ಗಾರ್ಡನ್ ಎಂಬ ತರುಣ ವಕೀಲರು ಕೋರ್ಟಿಗೆ ಹೋದರು. ಕೇಸು ಹಾಕಿದ್ದು ಐರೀನ್ ಚಾಟ್‌ಫೀಲ್ಡ್ ಎಂಬ ಸಾಮಾನ್ಯ ಅಭಿಮಾನಿಯ ಹೆಸರಲ್ಲಿ. ಕೋರ್ಟಿನಿಂದ ಸಿಕ್ಕಿದ್ದು ಮೂರು ವಾರ. ಆ ಮೂರು ವಾರದಲ್ಲಿ ಫುಟ್ಸ್‌ಕ್ರೇಯ ಕಾರ್ಮಿಕರು, ಇಟಲಿ, ಗ್ರೀಸ್, ವಿಯೆಟ್ನಾಮಿನಿಂದ ಬಂದು ನೆಲೆಸಿದವರು ಬೀದಿಗಳಲ್ಲಿ ಡಬ್ಬಿ ಹಿಡಿದು ಹತ್ತು ಲಕ್ಷ ಡಾಲರಿಗೂ ಹೆಚ್ಚು ಕೂಡಿಸಿದರು. ಅಜ್ಜನ ಹೆಂಡತಿ ಸ್ಟೇಷನ್ ಬಾಗಿಲಲ್ಲಿ ನಿಂತು ಡಬ್ಬಿ ಅಲ್ಲಾಡಿಸಿದವರು. ಆ ಡಬ್ಬಿ ಇವತ್ತೂ ಅವರ ಅಡುಗೆಮನೆಯ ಷೆಲ್ಫಿನ ಮೇಲಿದೆ, ಒಳಗೆ ಹೊಲಿಗೆ ಗುಂಡಿಗಳು. ಫಿಟ್ಜ್‌ರಾಯ್‌ಗೆ ಆ ಭಾಗ್ಯ ಉಳಿಯಲಿಲ್ಲ, 1996ರ ಕೊನೆಗೆ ಬ್ರಿಸ್ಬೇನ್ ಜೊತೆ ಸೇರಿಹೋಯಿತು. ಅಷ್ಟರಲ್ಲೇ ನಮ್ಮ ಹೆಸರೂ ಫುಟ್ಸ್‌ಕ್ರೇಯಿಂದ ವೆಸ್ಟರ್ನ್ ಬುಲ್‌ಡಾಗ್ಸ್ ಆಯಿತು. ಇಡೀ ಪಶ್ಚಿಮ ಭಾಗದ ತಂಡ ಎಂದು ಅರ್ಥ. ಆ ಪಶ್ಚಿಮದಲ್ಲಿ ಈಗ ಟಾರ್ನೀಟ್, ಟ್ರುಗನೀನಾ, ಪಾಯಿಂಟ್ ಕುಕ್‌ನಲ್ಲಿರುವ ನಾವೂ ಇದ್ದೇವೆ. ಬಾರ್ಕ್ಲಿ ಸ್ಟ್ರೀಟಿನಲ್ಲಿ ಮಸಾಲೆ ದೋಸೆ ತಿಂದು ಅದೇ ರಸ್ತೆಯಲ್ಲಿ ನಡೆದರೆ ನಮ್ಮ ಕ್ಲಬ್ಬಿನ ಮೈದಾನ ವಿಟನ್ ಓವಲ್ ಸಿಗುತ್ತದೆ, ನಮ್ಮ ಹಳೆಯ ಕ್ಯಾಪ್ಟನ್ ಟೆಡ್ ವಿಟನ್ ಪ್ರತಿಮೆ ಸಿಗುತ್ತದೆ.

ಜನವರಿಯ ಒಂದು ಬೆಳಿಗ್ಗೆ ಮಗ, ಮಗಳನ್ನು ಕರೆದುಕೊಂಡು ಅಲ್ಲಿಗೆ ಅಭ್ಯಾಸ ನೋಡಲು ಹೋಗಿದ್ದೆ. ಒಂಬತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಮಗಳು ಇಲ್ಲಿ ಆಡುವ ನಮ್ಮ ಹೆಂಗಸರ ತಂಡದ ಅಭಿಮಾನಿ. 2018ರಲ್ಲಿ ಅವರು ಕಪ್ ಗೆದ್ದದ್ದನ್ನು ಅಣ್ಣನಿಗೆ ದಿನಾ ನೆನಪಿಸುತ್ತಾಳೆ. ಮೈದಾನದ ಆಚೆ ತುದಿಯಲ್ಲಿ ಆರೇಳು ಜನ ಒಂದೇ ಕೆಲಸ ಮಾಡುತ್ತಿದ್ದರು. ಎತ್ತರದಿಂದ ಬರುವ ಚೆಂಡಿಗೆ ಜಿಗಿದು, ಹಿಡಿಯಲಾಗದಿದ್ದರೆ ಮುಷ್ಟಿಯಿಂದ ಗುದ್ದಿ ಪಕ್ಕಕ್ಕೆ ಹಾಕುವುದು. ಇಪ್ಪತ್ತು ಸಲ, ಮೂವತ್ತು ಸಲ. ಮುಂದಿನ ತುದಿಯಲ್ಲಿ ಗೋಲಿಗೆ ಒದೆಯುವವರ ಹತ್ತಿರ ಎಲ್ಲ ಮಕ್ಕಳೂ ಸೇರಿದ್ದರು. ನನ್ನ ಮಗ ಅತ್ತ ಓಡಲು ಹೊರಟವನು ನನ್ನನ್ನು ನೋಡಿದ. "ಅಪ್ಪಾ, ಹೋದ ವರ್ಷ ನಿಜವಾಗ್ಲೂ ಲಕ್ಕಾ?" ಅಂದ. ಇಲ್ಲ ಕಣೋ ಎಂದು, ಆಗಸ್ಟಿನಲ್ಲಿ ಹೇಳಬೇಕಿದ್ದದ್ದನ್ನು ಬೇಲಿ ಪಕ್ಕ ನಿಂತು ಹೇಳಿದೆ. ಗುದ್ದುತ್ತಿದ್ದವರ ಕಡೆ ತಿರುಗಿ ನಿಂತು ಅವನು ತುಂಬ ಹೊತ್ತು ನೋಡಿದ.

ಮೊದಲ ಹೋಮ್ ಪಂದ್ಯಕ್ಕೆ ಬನ್ನಿ. ಟಾರ್ನೀಟಿನಿಂದ ವಿ-ಲೈನ್ ರೈಲು ನೇರ ಸದರ್ನ್ ಕ್ರಾಸಿಗೆ, ಅಲ್ಲಿಂದ ಕಾಲುಸೇತುವೆ ದಾಟಿದರೆ ಮೈದಾನ. ಪುಳಿಯೋಗರೆ ನಾವು ತರುತ್ತೇವೆ, ಹೆಚ್ಚಿಗೆ ಎರಡು ಸ್ಕಾರ್ಫೂ ಇವೆ. ಅಜ್ಜ ಬರುತ್ತಾರೆ. ಅವರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲವಾದ್ದರಿಂದ ಕೆಳಗೆ, ಗೋಲು ಕಂಬಗಳ ಹಿಂದೆ ಕೂರುತ್ತೇವೆ. ನಾಲ್ಕರಲ್ಲಿ ಎರಡು ಕ್ವಾರ್ಟರ್ ನಮ್ಮ ಡಿಫೆಂಡರುಗಳು ಅಲ್ಲೇ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ನಿಂತಿರುತ್ತಾರೆ.

ನಿಮ್ಮವನೇ ಆದ,
ಸನ್‌ಶೈನಿನ ಒಬ್ಬ ಕನ್ನಡಿಗ ಬುಲ್‌ಡಾಗ್ಸ್ ಅಭಿಮಾನಿ